ಮನೆಮಂದಿ ಗುಂಪಿನಲ್ಲಿ: ಶನಿವಾರ ವಾರಿಕ್ ಕೋಟೆಗೋ, ಕೆನಿಲ್‌ವರ್ತ್‌ಗೋ?

ಭಾವ: (ವಾರಿಕ್ ಕೋಟೆಯ ಟಿಕೆಟ್ ಪುಟದ ಕೊಂಡಿ) ಶನಿವಾರಕ್ಕೆ ಇದನ್ನು ನೋಡಿಟ್ಟಿದ್ದೇನೆ. ಮಾವ, ಅತ್ತೆ, ನಾವಿಬ್ಬರು, ಮಕ್ಕಳು. ಬರ್ಮಿಂಗ್‌ಹ್ಯಾಮಿನಿಂದ ನೀನೂ ಬಂದುಬಿಡು. ಎಲ್ಲರೂ ಒಪ್ಪಿದರೆ ರಾತ್ರಿ ಹಣ ಕಟ್ಟುತ್ತೇನೆ.

ಅಕ್ಕ: ಪುಟ್ಟನ ತರಗತಿಯ ಎಷ್ಟೋ ಮಕ್ಕಳು ಹೋಗಿ ಬಂದಿದ್ದಾರೆ. ಇವನು ದಿನಾ ಪೀಡಿಸುತ್ತಿದ್ದಾನೆ.

ನಾನು: ಭಾವ, ಹಣ ಕಟ್ಟುವ ಮೊದಲು ನನ್ನ ಮಾತು ಸ್ವಲ್ಪ ಕೇಳಿ. ಅಪ್ಪ ಅಮ್ಮ ಇಂಗ್ಲೆಂಡಿನಲ್ಲಿ ನೋಡುವುದು ಒಂದೇ ಕೋಟೆ ಎಂದಾದರೆ ಅದು ಕೆನಿಲ್‌ವರ್ತ್ ಆಗಬೇಕು. ಕವೆಂಟ್ರಿಯಿಂದ ವಾರಿಕ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಆ ಕೋಟೆಯನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯಲ್ಲಿ ನನ್ನ ಸದಸ್ಯತ್ವ ಇರುವುದರಿಂದ ಮಕ್ಕಳಿಬ್ಬರಿಗೂ ಟಿಕೆಟ್ ಬೇಕಿಲ್ಲ.

ಭಾವ: ಕೆನಿಲ್‌ವರ್ತ್‌ಗೆ ಚಾವಣಿಯೇ ಇಲ್ಲವಲ್ಲ. ಮಳೆ ಬಂದರೆ ಅತ್ತೆಯನ್ನು ಎಲ್ಲಿ ಕೂರಿಸುವುದು? ವಾರಿಕ್ 1068ರಲ್ಲಿ ವಿಲಿಯಂ ದೊರೆ ಶುರುಮಾಡಿದ ಕೋಟೆ, ಇಂದಿಗೂ ನೆಟ್ಟಗೆ ನಿಂತಿದೆ. ಸಭಾಂಗಣ ಇದೆ, ಕವಚಗಳಿವೆ, ಗಯ್ಸ್ ಟವರ್ ಹತ್ತಿದರೆ ಊರೆಲ್ಲ ಕಾಣುತ್ತದೆ, ಕೆಳಗೆ ಏವನ್ ನದಿ. ಹದ್ದು, ಗಿಡುಗಗಳನ್ನು ತಲೆಯ ಮೇಲೇ ಹಾರಿಸುತ್ತಾರೆ. ಮಕ್ಕಳಿಗೆ ಇನ್ನೇನು ಬೇಕು?

ಚಿಕ್ಕಪ್ಪ: ನಾನೂ ಅಳಿಯಂದಿರ ಪರ. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರು ಮುರಿದ ಗೋಡೆ ನೋಡಲು ಇಂಗ್ಲೆಂಡಿಗೆ ಹೋಗಬೇಕೇ? ಹಾಳುಬಿದ್ದದ್ದು ನಮ್ಮಲ್ಲೇ ಬೇಕಾದಷ್ಟಿದೆ. ಅಣ್ಣ ಅತ್ತಿಗೆಗೆ ಚೆನ್ನಾಗಿರುವುದನ್ನು ತೋರಿಸಿ.

ನಾನು: ಚಿಕ್ಕಪ್ಪ, ಕೆನಿಲ್‌ವರ್ತ್ ಬರೀ ಪಾಳುಬಿದ್ದು ಹಾಗಾದದ್ದಲ್ಲ, ಬೇಕೆಂದೇ ಕೆಡವಿದ್ದು. ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ನಂತರ ಇನ್ನು ಯಾರೂ ಅದರೊಳಗೆ ಸೇರಿಕೊಂಡು ಕಾದಾಡಬಾರದೆಂದು 1649ರಲ್ಲಿ ಪಾರ್ಲಿಮೆಂಟಿನ ಕಡೆಯವರು ಮುಖ್ಯ ಬುರುಜಿನ ಉತ್ತರದ ಗೋಡೆಯನ್ನು ಉರುಳಿಸಿದರು, ಕೆರೆಯ ನೀರನ್ನು ಹೊರಗೆ ಹರಿಸಿದರು. ಹಾಗಾಗಿಯೇ ಅಲ್ಲಿ ಗೋಡೆಯ ದಪ್ಪ ಎಷ್ಟು, ಒಳಗೆ ಏನು ತುಂಬಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ಹದಿನಾಲ್ಕನೆಯ ಶತಮಾನದ ರಾಜಕುಮಾರ ಜಾನ್ ಆಫ್ ಗಾಂಟ್ ಕಟ್ಟಿಸಿದ ಸಭಾಂಗಣದ ನೆಲ ಕುಸಿದುಹೋಗಿದೆ, ಒಲೆಗೂಡುಗಳು ಮಾತ್ರ ಗೋಡೆಯ ನಡುವೆ ಮೇಲೆ ಉಳಿದಿವೆ. ಅಷ್ಟೆತ್ತರದಲ್ಲಿ ಬೆಂಕಿ ಯಾರು ಹಾಕುತ್ತಿದ್ದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನೆಲ ಎಲ್ಲಿತ್ತು ಎಂದು ಅವರೇ ಕಂಡುಹಿಡಿಯಲಿ. ನನಗೆ ಬೇಕಾದದ್ದು ಅದು.

ಅಪ್ಪ: ಕೆರೆ ಎಂದೆಯಲ್ಲ, ಯಾವ ಕೆರೆ? ಅದು ಬೆಟ್ಟದ ಮೇಲಿನ ಕೋಟೆಯೇ?

ನಾನು: ಬೆಟ್ಟವಿಲ್ಲ ಅಪ್ಪ, ನೀರೇ ಅದಕ್ಕೆ ರಕ್ಷೆ. ಜಾನ್ ದೊರೆಯ ಕಾಲದಲ್ಲಿ ತೊರೆಗಳಿಗೆ ಒಡ್ಡು ಕಟ್ಟಿ ಕೋಟೆಯ ಪಕ್ಕದಲ್ಲಿ ದೊಡ್ಡ ಕೆರೆಯನ್ನೇ ನಿಲ್ಲಿಸಿದರು. ಈಗ ಕಾರು ನಿಲ್ಲಿಸಿ ನಾವು ನಡೆದು ಹೋಗುವ ದಾರಿಯೇ ಆ ಕೆರೆಯ ಏರಿ. ಕೆರೆ ಇದ್ದ ಜಾಗ ಈಗ ಹುಲ್ಲುಗಾವಲು. 1265ರಲ್ಲಿ, ದೊರೆಯ ವಿರುದ್ಧ ದಂಗೆಯೆದ್ದಿದ್ದ ಸೈಮನ್ ದ ಮಾಂಟ್‌ಫರ್ಟ್ ಈವ್‌ಶ್ಯಾಮ್ ಯುದ್ಧದಲ್ಲಿ ಸತ್ತ. ಅವನ ಕಡೆಯವರು ಸೋಲೊಪ್ಪದೆ ಇಲ್ಲಿ ಬಾಗಿಲು ಹಾಕಿಕೊಂಡರು. ಮುಂದಿನ ವರ್ಷ ಮೂರನೆಯ ಹೆನ್ರಿ ದೊರೆ ಸೇನೆ ತಂದು ಮುತ್ತಿಗೆ ಹಾಕಿದ. ಕಲ್ಲೆಸೆಯುವ ಯಂತ್ರಗಳು ಎರಡೂ ಕಡೆ ಇದ್ದವು. ನೀರಿನ ಕಡೆಯಿಂದ ನುಗ್ಗಲು ಚೆಸ್ಟರಿನಿಂದ ದೋಣಿ ತರಿಸಿದ, ಅದೂ ಫಲಿಸಲಿಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ಹಿಡಿದು ನಿಂತವರನ್ನು ಕೊನೆಗೆ ಸೋಲಿಸಿದ್ದು ಹಸಿವು ಮತ್ತು ರೋಗ.

ಅಪ್ಪ: ಆರು ತಿಂಗಳು! ಶರಣಾದವರನ್ನು ಏನು ಮಾಡಿದರು?

ನಾನು: ಕೊಲ್ಲಲಿಲ್ಲ. ದಂಡ ಕಟ್ಟಿದವರಿಗೆ ಕಿತ್ತುಕೊಂಡಿದ್ದ ಜಮೀನು ವಾಪಸು ಎಂಬ ಷರತ್ತನ್ನು ಮುತ್ತಿಗೆ ನಡೆಯುತ್ತಿರುವಾಗಲೇ ಪ್ರಕಟಿಸಿದ್ದರು. ಅದಕ್ಕೆ ಕೆನಿಲ್‌ವರ್ತ್ ಹೆಸರೇ ಇದೆ.

ಭಾವ: ಇದೆಲ್ಲ ಓದಿಕೊಂಡ ನಿನಗೆ ಗೋಡೆ ಕಥೆ ಹೇಳುತ್ತದೆ. ಏನೂ ಗೊತ್ತಿಲ್ಲದ ಐದು ವರ್ಷದ ಪುಟ್ಟಿಗೆ? ವಾರಿಕ್‌ನವರು ಅಂಥ ಮಗುವಿಗಾಗಿಯೇ ದುಡಿದಿದ್ದಾರೆ. ಅದು ಕೀಳಲ್ಲ. ಮಕ್ಕಳು ಮೊದಲು ಖುಷಿಪಡಲಿ, ಇತಿಹಾಸ ಆಮೇಲೆ ತಾನಾಗಿ ಬರುತ್ತದೆ. ಇನ್ನೊಂದು ಮಾತು: ವಾರಿಕ್ ಕೂಡ 1642ರಲ್ಲಿ ಮುತ್ತಿಗೆಯನ್ನು ತಡೆದುಕೊಂಡ ಕೋಟೆ. ಒಡೆಯದೆ ಉಳಿದದ್ದೂ ಇತಿಹಾಸವೇ ಅಲ್ಲವೇ?

ಅಕ್ಕ: ಇದನ್ನು ನಾನೂ ಒಪ್ಪುತ್ತೇನೆ.

ನಾನು: ಭಾವ, ವಾರಿಕ್ ಕೀಳೆಂದು ನಾನು ಹೇಳಲಾರೆ. ಆ ಬುರುಜುಗಳನ್ನು ನೋಡಿ ನಾನೇ ಬೆರಗಾಗಿದ್ದೇನೆ. ಆದರೆ ಅಲ್ಲಿ ದಿನವನ್ನು ಪ್ರದರ್ಶನಗಳ ವೇಳಾಪಟ್ಟಿ ನಡೆಸುತ್ತದೆ. ಹಕ್ಕಿಗೆ ಇಷ್ಟು ಗಂಟೆ, ಇನ್ನೊಂದಕ್ಕೆ ಇಷ್ಟು ಗಂಟೆ ಎಂದು ಎಲ್ಲರೂ ಓಡುತ್ತಿರುತ್ತೇವೆ. ಅಮ್ಮನ ಮಂಡಿಗೆ ಆ ಓಟ ಆಗುವುದಿಲ್ಲ. ಅಪ್ಪ ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವರು, ಅಲ್ಲಿ ಅವರು ಬಾಯಿ ತೆರೆಯಲು ಸಮಯವೇ ಇರುವುದಿಲ್ಲ. ಈ ಮಕ್ಕಳಿಗೆ ಅಜ್ಜ ಸಿಗುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಏರಿಯ ಮೇಲೆ ನಡೆಯುತ್ತಾ ಅಜ್ಜ ಮುತ್ತಿಗೆಯ ಕಥೆ ಹೇಳಲಿ, ಮಕ್ಕಳು ಹುಲ್ಲಿನ ಮೇಲೆ ಓಡಲಿ. ಹದ್ದುಗಳು ಮುಂದಿನ ವರ್ಷವೂ ಹಾರುತ್ತವೆ.

ಅಮ್ಮ: ನನ್ನ ಮಂಡಿಯನ್ನು ಯಾರೂ ನೆಪ ಮಾಡಬೇಡಿ. ಕೂರಲು ಜಾಗ, ಶೌಚಾಲಯ ಇದೆಯೇ, ಅದು ಹೇಳಿ. ಬುತ್ತಿಗೆ ಚಪಾತಿ ಮಾಡಲೋ, ಚಿತ್ರಾನ್ನವೋ?

ನಾನು: ಎರಡೂ ಇದೆ ಅಮ್ಮ. ಹಳೆಯ ಕುದುರೆ ಲಾಯವನ್ನು ಚಹಾದಂಗಡಿ ಮಾಡಿದ್ದಾರೆ, ಹೆಬ್ಬಾಗಿಲ ಕಟ್ಟಡಕ್ಕೂ ಚಾವಣಿ ಇದೆ, ಮಳೆ ಬಂದರೆ ಅಲ್ಲಿ ನಿಲ್ಲಬಹುದು. ನಿನಗಾಗಿ ಹೂದೋಟವೂ ಇದೆ. 1575ರಲ್ಲಿ ಒಂದನೆಯ ಎಲಿಜಬೆತ್ ರಾಣಿ ಹತ್ತೊಂಬತ್ತು ದಿನ ಇಲ್ಲಿ ತಂಗಿದ್ದಳು. ಅವಳನ್ನು ಮೆಚ್ಚಿಸಲು ಲೆಸ್ಟರಿನ ಅರ್ಲ್ ರಾಬರ್ಟ್ ಡಡ್ಲಿ ಮಾಡಿಸಿದ ತೋಟವನ್ನು ಆ ಕಾಲದ ಒಂದು ಪತ್ರದ ವರ್ಣನೆ ಹಿಡಿದು ಮತ್ತೆ ಬೆಳೆಸಿ 2009ರಲ್ಲಿ ತೆರೆದಿದ್ದಾರೆ. ಅಮೃತಶಿಲೆಯ ಕಾರಂಜಿ, ಹಕ್ಕಿಮನೆ ಎಲ್ಲ ಇದೆ. ಚಿತ್ರಾನ್ನ ಮಾಡು.

ಅಪ್ಪ: ಅಳಿಯಂದಿರೇ, ನೀವು ಪ್ರೀತಿಯಿಂದ ಹುಡುಕಿದ್ದೀರಿ, ನಿಮ್ಮ ಮಾತು ಮೀರುವುದು ನನಗೆ ಇಷ್ಟವಿಲ್ಲ. ಆದರೆ ಆ ಏರಿಯ ಮೇಲೆ ನಡೆಯಬೇಕೆಂದು ಆಸೆಯಾಗಿದೆ.

ಭಾವ: ಮಾವ, ನೀವು ಆಸೆಪಟ್ಟ ಮೇಲೆ ಮಾತು ಮುಗಿಯಿತು. ಶನಿವಾರ ಕೆನಿಲ್‌ವರ್ತ್. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ವಾರಿಕ್‌ಗೆ ನಾನು ಕರೆದುಕೊಂಡು ಹೋಗುತ್ತೇನೆ. ಆಗ ಯಾರೂ ಅಡ್ಡ ಬರಬಾರದು.

ನಾನು: ಬರುವುದಿಲ್ಲ ಭಾವ. ನಾನೂ ಜೊತೆಗೆ ಬರುತ್ತೇನೆ.

ಅಕ್ಕ: ಪುಟ್ಟನಿಗೆ ನೀನೇ ಫೋನ್ ಮಾಡಿ ಹೇಳು. ಹದ್ದು ಇಲ್ಲ ಎಂದರೆ ಅಳುತ್ತಾನೆ. ಕಲ್ಲೆಸೆಯುವ ಯಂತ್ರದ ಕಥೆಯಿಂದ ಶುರುಮಾಡು.

ಚಿಕ್ಕಪ್ಪ: ಗೋಡೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಏರಿಯ ಫೋಟೊ ಮಾತ್ರ ಕಳುಹಿಸಿ. ಅಣ್ಣ, ತೂಬು ಎಲ್ಲಿತ್ತು ಎಂದು ಹುಡುಕಿ ನೋಡು.