ಡೆಡ್ ರೆಕನಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ವಿಮಾನದಲ್ಲಿ ಸಮುದ್ರ ದಾಟಿದ ಮೊದಮೊದಲ ಸಾಹಸಗಳ ಬಗ್ಗೆ ಓದ್ತಾ ಇದೀನಿ, ಅಲ್ಲಿ ಮತ್ತೆ ಮತ್ತೆ ಬರೋ ಮಾತು ಡೆಡ್ ರೆಕನಿಂಗ್, ಅಂದ್ರೆ ಸಾಗಿದ ದಿಕ್ಕು, ವೇಗ, ಹೊತ್ತು ನೋಡಿ ಈಗ ಎಲ್ಲಿದೀವಿ ಅಂತ ಲೆಕ್ಕ ಹಾಕೋದು. ಇದನ್ನ ಕನ್ನಡದಲ್ಲಿ 'ಅಂದಾಜು ಲೆಕ್ಕ' ಅಂದ್ರೆ ಸಾಕಾ? ನಂಗ್ಯಾಕೋ ಸಾಲದು ಅನ್ಸುತ್ತೆ. ಅಂದಾಜು ಅಂದ್ರೆ ನಮ್ಮಲ್ಲಿ ಸುಮ್ನೆ ಊಹೆ ಅನ್ನೋ ಅರ್ಥಾನೂ ಬಂದ್ಬಿಡುತ್ತೆ.

1919ರ ಜೂನ್ 14ಕ್ಕೆ ಬ್ರಿಟನ್ನಿನ ಆಲ್ಕಾಕ್ ಮತ್ತೆ ಬ್ರೌನ್ ಈಗಿನ ಕೆನಡಾದಲ್ಲಿರೋ ನ್ಯೂಫೌಂಡ್‌ಲ್ಯಾಂಡಿಂದ ವಿಕರ್ಸ್ ವಿಮಿ ವಿಮಾನ ಹತ್ತಿ ಹೊರಟ್ರಲ್ಲ, ನಡುವೆ ಎಲ್ಲೂ ಇಳೀದೆ ಅಟ್ಲಾಂಟಿಕ್ ದಾಟಿದ ಮೊದಲಿಗರು ಅವರೇ. ವಿಮಾನ ಓಡಿಸಿದ್ದು ಆಲ್ಕಾಕ್, ದಾರಿ ಲೆಕ್ಕ ಹಾಕಿದ್ದು ಬ್ರೌನ್. ಮೂತಿ ಯಾವ ದಿಕ್ಕಿಗಿದೆ, ವೇಗ ಎಷ್ಟು, ಹೊರಟು ಎಷ್ಟು ಹೊತ್ತಾಯ್ತು, ಇಷ್ಟನ್ನ ಕೂಡಿಸಿ ಈಗ ಇಲ್ಲಿದೀವಿ ಅಂತ ನಕ್ಷೆ ಮೇಲೆ ಗುರುತು ಹಾಕೋದು, ಅದರಲ್ಲೂ ಅಡ್ಡಗಾಳಿ ಬೀಸಿದ್ರೆ ವಿಮಾನ ಎಷ್ಟು ಪಕ್ಕಕ್ಕೆ ಸರೀತು ಅನ್ನೋದನ್ನ ಕೆಳಗಿನ ಅಲೆಗಳನ್ನ ನೋಡಿ ಅಳೀಬೇಕು, ಮಂಜು ಮುಸುಕಿದ್ರೆ ಅದೂ ಇಲ್ಲ. ರೇಡಿಯೋ ಹೊರಟ ಸ್ವಲ್ಪ ಹೊತ್ತಿಗೇ ಕೆಟ್ಟೋಗಿತ್ತು. ರಾತ್ರಿ ಮೋಡ ಸ್ವಲ್ಪ ಬಿಟ್ಟಾಗ ಧ್ರುವ ಮತ್ತೆ ಅಭಿಜಿತ್ ನಕ್ಷತ್ರ ಸಿಕ್ಕಿ ಸೆಕ್ಸ್ಟೆಂಟ್ (ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅಂತ ಕೋನ ಅಳೆಯೋ ಸಾಧನ) ಹಿಡಿದು ಲೆಕ್ಕ ಸರಿಮಾಡ್ಕೊಂಡ್ರು. ಸುಮಾರು 16 ಗಂಟೆ ಹಾರಿ ಐರ್ಲೆಂಡಿನ ಕ್ಲಿಫ್ಡನ್ ಹತ್ರ ಇಳಿದ್ರು, ಹಸಿರು ಬಯಲು ಅಂದ್ಕೊಂಡಿದ್ದು ಜೌಗು ನೆಲ ಆಗಿ ವಿಮಾನದ ಮೂತಿ ಹೂತ್ಕೊಳ್ತು, ಇಬ್ಬರಿಗೂ ಏನೂ ಆಗ್ಲಿಲ್ಲ.

3000 ಕಿಲೋಮೀಟರ್ ದಾರೀಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದ್ರೂ ಕೊನೇಲಿ 50 ಕಿಲೋಮೀಟರ್ ಆಚೆ ಇರ್ತೀರಿ. 1927ರಲ್ಲಿ ಅಮೆರಿಕದ ವಿಮಾನ ಚಾಲಕ ಲಿಂಡ್‌ಬರ್ಗ್ ಒಬ್ಬರೇ ನ್ಯೂಯಾರ್ಕಿಂದ ಪ್ಯಾರಿಸ್‌ಗೆ ಹೋದಾಗ ಸೆಕ್ಸ್ಟೆಂಟೂ ಇರ್ಲಿಲ್ಲ, ರೇಡಿಯೋನೂ ಇರ್ಲಿಲ್ಲ. ದಿಕ್ಸೂಚಿ, ಗಡಿಯಾರ, ವೇಗದ ಮಾಪಕ ನಂಬ್ಕೊಂಡು ಹೋಗಿ ಐರ್ಲೆಂಡ್ ಕರಾವಳಿ ಕಂಡಾಗ ಹಾಕ್ಕೊಂಡಿದ್ದ ದಾರಿಯಿಂದ ಬರೀ ಐದಾರು ಕಿಲೋಮೀಟರ್ ಅಷ್ಟೇ ಸರಿದಿದ್ರು! ಇಂಥದ್ದಕ್ಕೆ ಅಂದಾಜು ಅನ್ನೋಕೆ ಮನಸ್ಸೇ ಬರಲ್ಲ.

ನಂಗೆ ಹೊಳೆದಿದ್ದು 'ಸಾಗುಲೆಕ್ಕ'. ಸಾಗಿದ ದಿಕ್ಕು, ವೇಗ, ಹೊತ್ತು ಮೂರೂ ಅದರಲ್ಲಿ ಅಡಗಿದೆ, 'ಬ್ರೌನ್ ರಾತ್ರಿಯಿಡೀ ಸಾಗುಲೆಕ್ಕದ ಮೇಲೇ ದಾರಿ ಹಿಡಿದ್ರು' ಅಂದ್ರೆ ಓದೋರಿಗೆ ತೊಡಕಾಗಲ್ಲ. 'ಗತಿಗಣನೆ'ನೂ ಆಗ್ಬಹುದು, ಆದ್ರೆ ಅದು ಪಂಚಾಂಗದ ಮಾತಿನ ಥರ ಕೇಳ್ಸುತ್ತೆ. ಗಾಳಿಗೆ ವಿಮಾನ ಪಕ್ಕಕ್ಕೆ ಸರಿಯೋದು, ಅಂದ್ರೆ ಡ್ರಿಫ್ಟ್‌, ಅದಕ್ಕೆ 'ಪಕ್ಕಸರಿತ' ಅನ್ನೋಣ್ವಾ, ಇಲ್ಲಾ 'ಗಾಳಿಸೆಳೆತ'ನಾ? ಸೆಳೆತ ಅಂದ್ರೆ ನೀರಿನ ನೆನಪೇ ಮೊದಲು ಬರುತ್ತೆ ಅನ್ನೋದೊಂದೇ ನನ್ನ ಅನುಮಾನ.

ಕರಾವಳಿ ಕಡೆಯೋರು ದಯವಿಟ್ಟು ಹೇಳಿ, ಜಿಪಿಎಸ್ ಬರೋಕೆ ಮುಂಚೆ ದಡ ಕಾಣದಷ್ಟು ದೂರ ಹೋಗ್ತಿದ್ದ ಮೀನುಗಾರರು ಈ ಥರ ಲೆಕ್ಕಕ್ಕೆ ಏನಂತಿದ್ರು? ದೋಣಿ ಗಾಳಿಗೆ ಪಕ್ಕಕ್ಕೆ ಹೋಗೋದಕ್ಕೆ ಬಳಕೇಲಿರೋ ಮಾತು ಯಾವುದು? ಕನ್ನಡ, ತುಳು, ಕೊಂಕಣಿ ಯಾವುದಾದ್ರೂ ಸರಿ, ಯಾವ ಊರ ಕಡೆ ಮಾತು ಅಂತಾನೂ ಬರೀರಿ.