ಥೆರಪಿಯಿಂದ ಉಗ್ಗು ಕಡಿಮೆಯಾಗಿದೆ, ಆದರೆ ಇದು ನಾನೇನಾ ಅನಿಸುತ್ತದೆ

ಪ್ರಶ್ನೆ: ದಾವಣಗೆರೆಯಲ್ಲಿ ಉಗ್ಗಿಗೆ ಸ್ಪೀಚ್ ಥೆರಪಿ ತೆಗೆದುಕೊಳ್ಳುತ್ತಿದ್ದೇನೆ. ಪದ ಎಳೆದು ನಿಧಾನ ಮಾತಾಡಿದರೆ ಉಗ್ಗು ಬರುವುದಿಲ್ಲ. ಆದರೆ ಬೇರೆ ಯಾರೋ ಮಾತಾಡಿದ ಹಾಗಿರುತ್ತದೆ. ಮನೆಯಲ್ಲೂ "ಯಾಕೆ ಹಿಂಗ್ ಮಾತಾಡ್ತೀಯ" ಅಂತಾರೆ. ಬಿಟ್ಟುಬಿಡಲಾ? ಅನುಭವ ಇದ್ದವರು ಹೇಳಿ.

ಚಿತ್ರದುರ್ಗದಿಂದ: ದಯವಿಟ್ಟು ಬಿಡಬೇಡಿ. ಚಿಕ್ಕಂದಿನಿಂದ ಎಲ್ಲರೂ ನನ್ನನ್ನು "ಭಾಳ ಸೈಲೆಂಟ್ ಹುಡುಗ" ಅನ್ನುತ್ತಿದ್ದರು, ನಾನೂ ಅದನ್ನೇ ನಂಬಿದ್ದೆ. ಥೆರಪಿ ಮೇಡಂ ಒಂದು ಕೆಲಸ ಕೊಟ್ಟರು. ಉಗ್ಗಿದ್ದನ್ನಲ್ಲ, ಉಗ್ಗು ಬಂದೀತು ಅಂತ ತಪ್ಪಿಸಿಕೊಂಡದ್ದನ್ನೆಲ್ಲ ಬರೆದುಕೊಂಡು ಬನ್ನಿ ಅಂದರು. ಬರೆಯುತ್ತಾ ಹೋದೆ. ದಾವಣಗೆರೆಗೆ ಹೋದಾಗೆಲ್ಲ ಬೆಣ್ಣೆ ದೋಸೆ ತಿನ್ನುವ ಆಸೆ, ಆದರೆ 'ಬೆ' ಅನ್ನೋಕೆ ಹೋದರೆ ತುಟಿ ಅಂಟಿಕೊಂಡು ಬಿಡುತ್ತಿತ್ತು, ಸಪ್ಲೈಯರ್ ಮುಂದೆ ನಿಂತಿರುತ್ತಿದ್ದ, ಕೊನೆಗೆ "ಖಾಲಿ ದೋಸೆ" ಅಂದು ಅದನ್ನೇ ತಿಂದು ಬರುತ್ತಿದ್ದೆ. ಬಸ್ಸಲ್ಲಿ ಪಕ್ಕದವರ ಕೈಗೆ ದುಡ್ಡು ಕೊಟ್ಟು ಟಿಕೆಟ್ ತೆಗೆಸುತ್ತಿದ್ದೆ. ಫೋನ್ ಬಂದರೆ ತಂಗಿಗೆ ಕೊಡುತ್ತಿದ್ದೆ. ಮೇಡಂ ಆಗ ಉಗ್ಗಿನ ಬಗ್ಗೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಅವರ ಮಾತು ತೆಗೆದರು. ಅವರಿಗೂ ಉಗ್ಗಿತ್ತಂತೆ. ಉಗ್ಗು ಸಮುದ್ರದಲ್ಲಿ ತೇಲುವ ಹಿಮಗಡ್ಡೆ ಇದ್ದ ಹಾಗೆ, ಕಿವಿಗೆ ಕೇಳುವುದು ಮೇಲಿನ ಚೂರು, ಭಯ, ನಾಚಿಕೆ, ತಪ್ಪಿಸಿಕೊಳ್ಳೋದು ಎಲ್ಲ ನೀರಿನ ಕೆಳಗೆ ಅನ್ನುತ್ತಿದ್ದರಂತೆ. ನನ್ನ ಸೈಲೆಂಟೂ ಕೆಳಗಿನದೇ ಆಗಿತ್ತು. ನಿಜವಾಗಿ ನಾನು ಮಾತುಗಾರ, ಕ್ರಿಕೆಟ್ ಮಾತು ಬಂದರೆ ಈಗ ಯಾರನ್ನೂ ಬಿಡುವುದಿಲ್ಲ. ಈ ಎಳೆಯುವ ದನಿ ನಿಮ್ಮದಲ್ಲ ಅಂತೀರಲ್ಲ, ಮೊದಲು ಸುಮ್ನೆ ಇರುತ್ತಿದ್ದಿರಲ್ಲ, ಅದಾದರೂ ನಿಮ್ಮದಾಗಿತ್ತಾ ಅಂತ ಒಮ್ಮೆ ನೋಡಿ.

ಹರಿಹರದ ಕಡೆಯಿಂದ: ಎಳೆದು ಮಾತಾಡೋದು ಶುರುವಿನ ಅಭ್ಯಾಸ ಅಷ್ಟೇ, ಆಮೇಲೆ ವೇಗವನ್ನು ಸಹಜಕ್ಕೆ ತರುತ್ತಾರೆ. ಅದೂ ಹೊಂದದಿದ್ದರೆ ಅಮೆರಿಕದ ಸ್ಪೀಚ್ ಥೆರಪಿಸ್ಟ್ ಚಾರ್ಲ್ಸ್ ವ್ಯಾನ್ ರೈಪರ್ ಅವರ ಪದ್ಧತಿ ಬಗ್ಗೆ ಕೇಳಿ. ಅದರಲ್ಲಿ ಉಗ್ಗನ್ನು ಮುಚ್ಚಿಡುವುದಿಲ್ಲ, ಪದ ಸಿಕ್ಕಿಕೊಂಡಾಗ ಒತ್ತಾಯ ಮಾಡದೆ ಸಡಿಲ ಬಿಟ್ಟು ದಾಟಿಸುತ್ತೀರಿ. ನನಗೆ ಹಿಡಿಸಿದ್ದು ಇದೇ. ಬ್ಯಾಂಕಿನಲ್ಲಿ ಈಗ ಮೊದಲೇ "ನನಗೆ ಉಗ್ಗಿದೆ, ಸ್ವಲ್ಪ ತಾಳಿ" ಅಂದುಬಿಡುತ್ತೇನೆ. ಉಗ್ಗುತ್ತೇನೆ, ಆದರೆ ದನಿ ಪೂರ್ತಿ ನನ್ನದೇ.

ದಾವಣಗೆರೆಯಿಂದ: ಉಗ್ಗು ಇರುವುದು ನನ್ನ ಯಜಮಾನರಿಗೆ. ಮೊದಲು ಅಂಗಡಿ, ಆಸ್ಪತ್ರೆ, ನೆಂಟರ ಮನೆ ಎಲ್ಲ ಕಡೆ ಅವರ ಮಾತನ್ನೂ ನಾನೇ ಆಡುತ್ತಿದ್ದೆ. ಥೆರಪಿ ಆದಮೇಲೆ ಒಂದಿನ ಅವರೇ ತರಕಾರಿಯವರ ಹತ್ತಿರ ಚೌಕಾಸಿಗೆ ನಿಂತರು. ನನಗೆ ಖುಷಿಯ ಜೊತೆ ಒಂಥರಾ ಆಯ್ತು, ಇನ್ನು ನನ್ನ ಕೆಲಸ ಏನು ಅನಿಸಿತು. ಅದನ್ನು ಹೇಳಿಕೊಂಡಾಗ ಥೆರಪಿಸ್ಟ್ ಇಬ್ಬರನ್ನೂ ಕೂರಿಸಿ ಮಾತಾಡಿದರು. ನಿಮ್ಮ ಮನೆಯವರಿಗೂ ಇದು ಹೊಸದು ಅಲ್ವಾ? ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ.