ಓಂ ಶಿನ್ರಿಕ್ಯೋ: ಪೊಲೀಸ್ ಮುಖ್ಯಸ್ಥನಿಗೆ ಗುಂಡು ಹೊಡೆದೋರ್ಯಾರು, ಮುರಾಯ್‌ನ ಮುಗಿಸು ಅಂದೋರ್ಯಾರು?

ಮಲೆನಾಡ್ ಮಂಜುಳಾ

ಎಲ್ಲರಿಗೂ ನಮಸ್ಕಾರ. ಜಪಾನಿನ ಓಂ ಶಿನ್ರಿಕ್ಯೋ ಪಂಥದ ಬಗ್ಗೆ ಇಲ್ಲಿ ಯಾರಾದ್ರೂ ಸ್ವಲ್ಪ ಆಳವಾಗಿ ಓದ್ಕೊಂಡೋರು ಇದೀರಾ? 1995ರ ಮಾರ್ಚ್ 20ಕ್ಕೆ ಟೋಕಿಯೋ ಸಬ್‌ವೇ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ರಲ್ಲ, ಅವರೇ. ನಾನು ತುಂಬಾ ದಿನದಿಂದ ಇದರ ಹಿಂದೆ ಬಿದ್ದಿದೀನಿ, ರಾತ್ರಿ ಪಾತ್ರೆ ಎಲ್ಲ ತೊಳೆದಿಟ್ಟು ಹತ್ತು ನಿಮಿಷ ನೋಡಿ ಮಲಗೋಣ ಅಂತ ಫೋನ್ ಹಿಡಿದ್ರೆ ಟೈಂ ಒಂದು ಗಂಟೆ ಆಗಿರುತ್ತೆ.

ಸಬ್‌ವೇ ದಾಳಿ ಬಗ್ಗೆ ನನಗೆ ಪ್ರಶ್ನೆ ಇಲ್ಲ. ಗುರು ಆಸಹಾರಾನೇ ಮಾಡಿಸಿದ್ದು, ಕೋರ್ಟಲ್ಲಿ ಸಾಬೀತಾಯ್ತು, 2018ರ ಜುಲೈನಲ್ಲಿ ಅವನೂ ಸೇರಿ 13 ಜನಕ್ಕೆ ಗಲ್ಲಾಯ್ತು. ನನ್ನ ತಲೆ ತಿಂತಾ ಇರೋದು ಅದರ ಹಿಂದೆಮುಂದೆ ನಡೆದ ಎರಡು ಘಟನೆ.

ಒಂದು, ದಾಳಿ ಆಗಿ ಹತ್ತೇ ದಿನಕ್ಕೆ, ಮಾರ್ಚ್ 30ರ ಬೆಳಿಗ್ಗೆ, ಇಡೀ ದೇಶದ ಪೊಲೀಸ್ ಮುಖ್ಯಸ್ಥ ಕುನಿಮತ್ಸು ತಕಾಜಿ ಅವರು ಆಫೀಸಿಗೆ ಹೊರಡೋವಾಗ ಅವರ ಅಪಾರ್ಟ್‌ಮೆಂಟ್ ಮುಂದೇನೇ ಒಬ್ಬ ನಾಲ್ಕು ಗುಂಡು ಹೊಡೆದ, ಮೂರು ತಗುಲ್ತು, ಅವನು ಸೈಕಲ್ ಹತ್ತಿ ಹೋಗೇಬಿಟ್ಟ. ಜಾಗದಲ್ಲಿ ಉತ್ತರ ಕೊರಿಯಾ ಸೇನೆಯ ಬ್ಯಾಡ್ಜು, ದಕ್ಷಿಣ ಕೊರಿಯಾದ ಒಂದು ನಾಣ್ಯ ಬಿದ್ದಿತ್ತು. ಕುನಿಮತ್ಸು ಬದುಕಿದ್ರು, ಹೊಡೆದವನು ಮಾತ್ರ ಇವತ್ತಿಗೂ ಯಾರು ಅಂತ ಇಲ್ಲ.

ಇನ್ನೊಂದು ಮುರಾಯ್ ಹಿದೆಯೊ ಕೊಲೆ. ಪಂಥದ ಸೈನ್ಸ್ ವಿಭಾಗದ ತಲೆ ಅವನು, ಸಾರಿನ್ ಹೆಂಗಾಯ್ತು, ಎಲ್ಲೆಲ್ಲಿ ಏನಿತ್ತು ಅಂತ ಅವನಷ್ಟು ಗೊತ್ತಿದ್ದೋರು ಇರ್ಲಿಲ್ಲ. ಏಪ್ರಿಲ್ 23ರ ರಾತ್ರಿ ಟೋಕಿಯೋದ ಆಓಯಾಮಾದಲ್ಲಿ ಪಂಥದ ಆಫೀಸ್ ಮುಂದೆ ಅಷ್ಟೊಂದು ರಿಪೋರ್ಟರ್‌ಗಳು, ಟಿವಿ ಕ್ಯಾಮೆರಾಗಳು, ಅವರ ಮಧ್ಯದಿಂದಾನೇ ಒಬ್ಬ ಬಂದು ಚಾಕು ಹಾಕ್ದ. ಹಾಕಿದವನು ಓಡ್ಲೂ ಇಲ್ಲ, ಅಲ್ಲೇ ಸಿಕ್ಕಿಬಿದ್ದ, 12 ವರ್ಷ ಜೈಲಾಯ್ತು. ಯಾಕುಜಾ ಅಂದ್ರೆ ಜಪಾನಿನ ಮಾಫಿಯಾ, ಅದರ ನಾಯಕನೊಬ್ಬ ಹೇಳಿ ಮಾಡಿಸಿದ್ದು ಅಂತ ಆಮೇಲೆ ಹೇಳಿದ, ಆದ್ರೆ ಆ ನಾಯಕ ಕೋರ್ಟಲ್ಲಿ ಖುಲಾಸೆ ಆದ. ಹಂಗಾದ್ರೆ ಹೇಳಿದ್ದು ಯಾರು? ಅಲ್ಲಿಂದ ಮುಂದಕ್ಕೆ ದಾರೀನೇ ಇಲ್ಲ.

ಇವೆರಡರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಜೊತೆಗೆ ಇನ್ನೊಂದು ಕೇಳ್ತೀನಿ. ಬೇರೆ ಯಾರದೋ ಸಾವು ನೋವನ್ನ ಹಿಂಗೆ ರಾತ್ರಿ ಎಲ್ಲ ಕೆದಕ್ತಾ ಕೂರೋದು ಸರೀನಾ? ನಮ್ಮಕ್ಕ ನಿನಗೇನು ಬಂದಿರೋದು ಅಂತಾಳೆ, ಅವಳಿಗೆ ಏನು ಹೇಳೋದು ಗೊತ್ತಾಗಲ್ಲ.

ವಕೀಲ್ರು ತುಮಕೂರು

ಮಂಜುಳಾ ಅವ್ರೆ, ಕುನಿಮತ್ಸು ಕೇಸ್ ಬಗ್ಗೆ ನಾನೂ ಬಹಳ ಓದಿದೀನಿ. ಇದನ್ನ ನಿಗೂಢ ಅನ್ನೋದಕ್ಕಿಂತ ತನಿಖೆ ಹಾಳು ಮಾಡಿದ ಕೇಸ್ ಅನ್ನೋದೇ ಸರಿ. ಟೋಕಿಯೋ ಪೊಲೀಸ್ ಒಳಗೇ ಎರಡು ಬಣ. ಭದ್ರತಾ ವಿಭಾಗದವರಿಗೆ ಮೊದಲ ದಿನದಿಂದ ಇದು ಓಂ ಪಂಥದ್ದೇ ಕೆಲಸ. 1996ರಲ್ಲಿ ಪಂಥಕ್ಕೆ ಸೇರಿದ್ದ ಒಬ್ಬ ಪೊಲೀಸನೇ ನಾನೇ ಹೊಡೆದೆ, ಗನ್ ಕಂಡಾ ನದಿಗೆ ಎಸೆದೆ ಅಂತ ಹೇಳಿಕೆ ಕೊಟ್ಟ. ಅದನ್ನ ಮೇಲಿನವರು ತಿಂಗಳುಗಟ್ಟಲೆ ಮುಚ್ಚಿಟ್ರು, ಹೊರಗೆ ಬಂದ್ಮೇಲೆ ನದಿಗೆ ಮುಳುಗುಗಾರರನ್ನ ಇಳಿಸಿ ಹುಡುಕಿದ್ರು, ಗನ್ ಸಿಗಲಿಲ್ಲ, ಟೋಕಿಯೋ ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯ್ತು. 2004ರಲ್ಲಿ ಅವನನ್ನೂ ಸೇರಿಸಿ ಕೆಲವರನ್ನ ಅರೆಸ್ಟ್ ಮಾಡಿದ್ರು, ಚಾರ್ಜ್‌ಶೀಟ್ ಹಾಕೋಕೆ ಆಗದೆ ಬಿಟ್ರು. ಆ ಕಡೆ ಕ್ರೈಂ ವಿಭಾಗದವರು ಪಂಥಕ್ಕೆ ಸಂಬಂಧಾನೇ ಇಲ್ಲದ ಒಬ್ಬ ಮುದುಕನ ಹಿಂದೆ ಇದ್ರು. ಬೇರೆ ಕೇಸಲ್ಲಿ ಒಳಗಿದ್ದ, ಬಂದೂಕಿನ ಹುಚ್ಚಿನವನು, ನಾನೇ ಹೊಡೆದಿದ್ದು ಅಂತ ಅವನೂ ಒಪ್ಕೊಂಡ. ಅವನ ಮೇಲೂ ಕೇಸ್ ನಿಲ್ಲಲಿಲ್ಲ, ಜೈಲಲ್ಲೇ ಸತ್ತ.

ಒಪ್ಕೊಂಡೋರು ಇಬ್ಬರು, ಶಿಕ್ಷೆ ಆಗಿದ್ದು ಯಾರಿಗೂ ಇಲ್ಲ.

2010ರ ಮಾರ್ಚ್ 30ಕ್ಕೆ ಕೇಸ್ ಹಾಕೋಕೆ ಇದ್ದ 15 ವರ್ಷದ ಕಾಲಮಿತಿ ಮುಗೀತು. ಅವತ್ತೇ ಭದ್ರತಾ ವಿಭಾಗದ ಮುಖ್ಯಸ್ಥ ಪ್ರೆಸ್‌ಮೀಟ್ ಕರೆದು ಇದು ಓಂ ಪಂಥದ ಭಯೋತ್ಪಾದನೆ ಅಂತ ಘೋಷಿಸಿಬಿಟ್ಟ. ಒಬ್ಬನ ಮೇಲೂ ಕೇಸ್ ಹಾಕೋಕೆ ಆಗದೆ, ಟೈಂ ಮುಗಿದ್ಮೇಲೆ ಇವರೇ ಅಪರಾಧಿ ಅಂತ ಹೇಳೋದು ಅಂದ್ರೆ ಏನ್ರೀ ಅದು? ಪಂಥದ ಉಳಿಕೆ ಗುಂಪು ಆಲೆಫ್ ಮಾನನಷ್ಟದ ದಾವೆ ಹಾಕಿ 10 ಲಕ್ಷ ಯೆನ್ ಪರಿಹಾರ ಗೆದ್ದುಕೊಂಡ್ತು. ಅಂಥ ಗುಂಪಿಗೆ ಕೋರ್ಟಲ್ಲಿ ಗೆಲುವು ಕೊಡಿಸಿದ್ದು ಪೊಲೀಸರೇ ಅನ್ನೋದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತೆ.

ಕೆಲವರು ಬರೀತಾರೆ, ಒಂದು ತಿಂಗಳು ತಡೆದಿದ್ರೆ ಕಾಲಮಿತಿಯೇ ಹೋಗ್ತಿತ್ತು, 2010ರ ಏಪ್ರಿಲ್‌ನಲ್ಲಿ ಜಪಾನ್ ಕೊಲೆ ಕೇಸಿಗೆ ಮಿತಿ ತೆಗೆದುಹಾಕ್ತಲ್ಲ ಅಂತ. ಅದು ಜೀವ ಹೋದ ಕೇಸುಗಳಿಗೆ ಮಾತ್ರ. ಇಲ್ಲಿ ಕುನಿಮತ್ಸು ಬದುಕಿದ್ರು, ಇದು ಕೊಲೆ ಯತ್ನ, ಆ ತಿದ್ದುಪಡಿಗೆ ಇದು ಬರೋದೇ ಇಲ್ಲ. ನಮ್ಮಲ್ಲಿ ಇಂಥ ದೊಡ್ಡ ಅಪರಾಧಕ್ಕೆ ಕಾಲಮಿತಿ ಇಲ್ಲದೆ ಇರೋದ್ರಿಂದ ನಮ್ಮೋರಿಗೆ ಇದು ವಿಚಿತ್ರ ಅನ್ಸುತ್ತೆ.

ಹುಬ್ಬಳ್ಳಿ ಬಸ್ಯಾ

ಮಸ್ತ್ ವಿಷಯ ತಗದೀರಿ ಅಕ್ಕಾರ. ನಾನು ಇದರಾಗ ಬಿದ್ದಿದ್ದು ಆಸ್ಟ್ರೇಲಿಯಾದ ಬಂಜವಾರ್ನ್ ಕಥಿಯಿಂದ. 1993ರಾಗ ಈ ಮಂದಿ ಪಶ್ಚಿಮ ಆಸ್ಟ್ರೇಲಿಯಾದಾಗ ದೊಡ್ಡ ಕುರಿ ಫಾರ್ಮ್ ಖರೀದಿ ಮಾಡಿದ್ರು, ಮನಷ್ಯಾರ ವಾಸನಿ ಇಲ್ಲದ ಜಾಗ, ಅಲ್ಲಿ ಕುರಿ ಮ್ಯಾಲೆ ಸಾರಿನ್ ಪ್ರಯೋಗ ಮಾಡಿದ್ದು ಆಮ್ಯಾಲೆ ಪೊಲೀಸರಿಗೆ ಕುರಿ ಉಣ್ಣೆಯಾಗ, ಮಣ್ಣಾಗ ಗುರುತು ಸಿಕ್ತು. ಅದ ವರ್ಷ ಮೇ 28ರ ರಾತ್ರಿ ಆ ಕಡೆ ಆಕಾಶದಾಗ ದೊಡ್ಡ ಬೆಳಕು, ನೆಲ ನಡುಗಿದ್ದು ಭೂಕಂಪದ ಮಷೀನ್‌ದಾಗ ರೆಕಾರ್ಡ್ ಆಗೈತಿ. ಯುರೇನಿಯಂ ಸಿಗೋ ಸೀಮಿ ಬ್ಯಾರೆ. ಅಣುಬಾಂಬ್ ಟೆಸ್ಟ್ ಮಾಡಿದ್ರಾ ಅಂತ ಎಷ್ಟೋ ಮಂದಿ ಈಗೂ ಕೇಳ್ತಾರ. ಇದರ ಬಗ್ಗೆ ನಿಮಗ ಏನ್ ಅನಸ್ತೈತಿ?

ರಘು, ಟೋಕಿಯೋ

ಬಸ್ಯಾ ಅಣ್ಣ, ಆ ನಡುಕವನ್ನ ಭೂಕಂಪ ವಿಜ್ಞಾನಿಗಳು ಕೂತು ಅಳತೆ ಮಾಡಿ ನೋಡಿದಾರೆ, ಉಲ್ಕೆ ಬಿದ್ದಿದ್ದಕ್ಕೆ ಹೊಂದುತ್ತೆ ಅಂದಿದಾರೆ. ಅದೂ ಅಲ್ದೆ ಫಾರ್ಮಲ್ಲಿ ಇವರ ಗುಂಪು ಬಂದು ಕೆಲಸ ಶುರು ಮಾಡಿದ್ದು ಸೆಪ್ಟೆಂಬರ್‌ನಲ್ಲಿ, ಬೆಳಕು ಕಂಡಿದ್ದು ಮೇ ತಿಂಗಳಲ್ಲಿ. ಕುರಿ ಪ್ರಯೋಗ ಮಾತ್ರ ನಿಜ, ನನ್ನ ಪ್ರಕಾರ ಹೆದರೋಕೆ ಅದೇ ಸಾಕು.

ಮಂಜುಳಾ ಅವ್ರೆ, ನಾನು ಕೆಲಸಕ್ಕೆ ಹೋಗೋದು ಕಸುಮಿಗಸೆಕಿ ಸ್ಟೇಷನ್ ಮೇಲೇನೇ. ಸರ್ಕಾರಿ ಆಫೀಸುಗಳೆಲ್ಲ ಇರೋ ಏರಿಯಾ, ಅದಕ್ಕೇ ಅವತ್ತು ಮೂರು ಲೈನಿನ ಐದು ರೈಲು ಆರಿಸ್ಕೊಂಡು ಎಲ್ಲವೂ ಅಲ್ಲಿಗೇ ಬರೋ ಹಂಗೆ ಮಾಡಿದ್ದು. ಪೇಪರಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲ, ಅದಕ್ಕೆ ಚೂಪು ಮಾಡಿದ ಛತ್ರಿ ತುದೀಲಿ ಚುಚ್ಚಿ ಇಳಿದು ಹೋದ್ರು. ಈ ಸ್ಟೇಷನ್ನಿನ ಸಹಾಯಕ ಮಾಸ್ತರರು, ತಕಾಹಾಶಿ ಕಝುಮಾಸಾ ಅಂತ, ಬೋಗಿಯಲ್ಲಿ ಏನೋ ಚೆಲ್ಲಿದೆ ಅಂತ ತಾವೇ ಒಳಗೆ ಹೋಗಿ ಆ ಪೊಟ್ಟಣ ತೆಗೆದು ಒರೆಸಿದ್ರು. ಅವತ್ತೇ ತೀರ್ಕೊಂಡ್ರು. ಅವರ ಹೆಂಡತಿ ಶಿಝುಎ ಅವರು ಸಂತ್ರಸ್ತರ ಸಂಘ ಕಟ್ಟಿಕೊಂಡು ದಶಕಗಳ ಕಾಲ ಹೋರಾಡಿದ್ರು. ಪ್ರತಿ ಮಾರ್ಚ್ 20ರ ಬೆಳಿಗ್ಗೆ 8ಕ್ಕೆ ಸ್ಟೇಷನ್ ಸಿಬ್ಬಂದಿ ತಲೆ ಬಗ್ಗಿಸಿ ನಿಲ್ತಾರೆ, ನಾನೂ ಆ ಹೊತ್ತಿಗೆ ಅಲ್ಲಿ ಇಳಿದಿದ್ದೆ, ಪಕ್ಕದಲ್ಲಿ ಜನ ಎಂದಿನಂಗೆ ಎಸ್ಕಲೇಟರ್ ಹತ್ತಿ ಓಡ್ತಾ ಇರ್ತಾರೆ.

ಕೆದಕೋದು ಸರೀನಾ ಅಂತ ಕೇಳಿದ್ರಿ. ನನ್ನ ಉತ್ತರ ಮತ್ಸುಮೊಟೊ ಊರಿನ ಕೋನೊ ಯೋಶಿಯುಕಿ ಅವರ ಕಥೆ. 1994ರ ಜೂನ್ 27, ಸಬ್‌ವೇ ದಾಳಿಗೆ ಒಂಬತ್ತು ತಿಂಗಳು ಮುಂಚೆ. ಪಂಥದ ಮೇಲಿನ ಜಮೀನು ಕೇಸ್ ನಡೆಸ್ತಿದ್ದ ಜಡ್ಜ್‌ಗಳ ವಸತಿ ಕಡೆಗೆ ಟ್ರಕ್ಕಿಂದ ಸಾರಿನ್ ಬಿಟ್ರು. ಕೋನೊ ಮನೆ ಪಕ್ಕದಲ್ಲೇ. ರಾತ್ರಿ 11ರ ಸುಮಾರಿಗೆ ಅಂಗಳದಲ್ಲಿ ನಾಯಿಗಳು ಒದ್ದಾಡ್ತಾ ಇದ್ವು, ಒಳಗೆ ಬಂದ್ರೆ ಹೆಂಡತಿ ಬಿದ್ದಿದಾರೆ, ಆಂಬುಲೆನ್ಸಿಗೆ ಮೊದಲು ಫೋನ್ ಮಾಡಿದ್ದೇ ಇವರು. ಮಾರನೇ ದಿನ ಪೊಲೀಸರು ಇವರ ಮನೆಯನ್ನೇ ಶೋಧಿಸಿದ್ರು. ಮನೇಲಿ ಫೋಟೋ ತೊಳೆಯೋ ಕೆಮಿಕಲ್ ಇತ್ತು, ಅಷ್ಟೇ ಸಾಕಾಯ್ತು, ಗಿಡದ ಔಷಧಿ ಬೆರೆಸೋಕೆ ಹೋಗಿ ವಿಷ ಮಾಡಿದಾನೆ ಅಂತ ಪೇಪರ್ ಟಿವಿ ಎಲ್ಲ ಬರೆದು ಬರೆದು ಹಾಕಿದ್ವು, ಊರೋರಿಂದ ಬೈಗುಳದ ಕಾಗದ, ರಾತ್ರಿ ಹೊತ್ತು ಫೋನು. ಇತ್ತ ಅವರೂ ಅನಿಲ ಕುಡಿದು ಆಸ್ಪತ್ರೆ ಸೇರಿದ್ದರು. ಹೆಂಡತಿ ಕಣ್ಣು ಬಿಡಲೇ ಇಲ್ಲ, 14 ವರ್ಷ ಹಂಗೇ ಇದ್ದು 2008ರಲ್ಲಿ ಹೋದ್ರು, ಆ ದಾಳಿಯ ಎಂಟನೇ ಸಾವು ಅದು. ಸಬ್‌ವೇ ದಾಳಿ ಆದ್ಮೇಲೆ ಒಬ್ಬೊಬ್ಬರೇ ಕ್ಷಮೆ ಕೇಳಿದ್ರು.

ಅದಕ್ಕೇ ಹೇಳೋದು, ಓದಿ, ಎಷ್ಟಾದ್ರೂ ಓದಿ, ಆದ್ರೆ ಇವನೇ ಇರಬೇಕು ಅಂತ ಬದುಕಿರೋ ಒಬ್ಬನ ಹೆಸರು ಹಿಡಿದು ಬರೀಬೇಡಿ. ಮುರಾಯ್ ಕೊಲೆ ದಿನ ಅವನು ಯಾವಾಗಲೂ ಬಳಸೋ ಕೆಳಗಿನ ಬಾಗಿಲು ಲಾಕ್ ಆಗಿತ್ತಂತೆ, ಆದ್ರಿಂದ ಒಳಗಿನವರೇ ಅಂತ ಹೆಸರು ಹೇಳಿ ಹೇಳಿ ವಿಡಿಯೋ ಮಾಡ್ತಾರೆ ನೋಡಿ, ಅಂಥದ್ದು. ಲಾಕ್ ಆಗಿರೋ ಬಾಗಿಲಿಂದ ಕೊಲೆಗಾರನ ಹೆಸರು ಹುಟ್ಟಲ್ಲ.

ಸುಮಾ ದಾವಣಗೆರೆ

ರಘು ಅವ್ರೆ, ಕೋನೊ ಅವರ ವಿಷಯ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ, ನಿಮ್ಮ ಮಾತು ಪೂರ್ತಿ ಒಪ್ತೀನಿ. ಆದ್ರೆ ಬಿಡದೆ ಕೆದಕೋರು ಇಲ್ದೇ ಹೋಗಿದ್ರೆ ಏನಾಗ್ತಿತ್ತು ಅನ್ನೋದನ್ನೂ ನೋಡ್ಬೇಕು. ವಕೀಲ ಸಕಾಮೊಟೊ ಕುಟುಂಬದ ಕೇಸ್ ಇಲ್ಲಿ ಯಾರೂ ಎತ್ತಲಿಲ್ಲ, ನನಗೆ ಅದಕ್ಕಿಂತ ದೊಡ್ಡದು ಇದರಲ್ಲಿ ಯಾವುದೂ ಇಲ್ಲ. ಯೊಕೊಹಾಮಾದ ವಕೀಲರು ಅವರು, ಮಕ್ಕಳನ್ನ ಪಂಥಕ್ಕೆ ಕಳ್ಕೊಂಡ ತಂದೆತಾಯಿ ಪರ ನಿಂತಿದ್ರು. ಅವರು ಟಿವಿಗೆ ಕೊಟ್ಟ ಸಂದರ್ಶನದ ಟೇಪನ್ನ ಚಾನೆಲ್‌ನವರು ಪ್ರಸಾರಕ್ಕೆ ಮುಂಚೆ ಪಂಥದವರಿಗೇ ತೋರಿಸಿದ್ರು, ತೋರಿಸಿದ್ವಿ ಅಂತ ವಕೀಲರಿಗೆ ಒಂದು ಮಾತು ಹೇಳಲಿಲ್ಲ. ಕೆಲವೇ ದಿನ ಆದ್ಮೇಲೆ, 1989ರ ನವೆಂಬರ್ 4ರ ನಸುಕಿನಲ್ಲಿ, ಆರು ಜನ ಮನೆಗೆ ನುಗ್ಗಿ ಅವರನ್ನ, ಹೆಂಡತಿ ಸತೊಕೊನ, ಒಂದು ವರ್ಷ ದಾಟಿದ್ದ ಮಗು ತತ್ಸುಹಿಕೊನ ಕೊಂದ್ರು. ಹಿಂದಿನ ದಿನ ಸ್ಟೇಷನ್‌ನಿಂದ ಮನೆಗೆ ಬರೋ ದಾರೀಲಿ ಕಾಯ್ತಾ ಇದ್ರಂತೆ, ಸರ್ಕಾರಿ ರಜಾ ದಿನ ಅಂತ ಮರೆತು. ಮನೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಮೂರು ದೇಹ ಮೂರು ಬೇರೆ ಬೇರೆ ಪ್ರಾಂತ್ಯದಲ್ಲಿ ಹೂತ್ರು. ಮನೇಲಿ ಪಂಥದ ಬ್ಯಾಡ್ಜ್ ಬಿದ್ದಿತ್ತು. ಆದ್ರೂ ಪೊಲೀಸರು ನಾಪತ್ತೆ ಅಂತಲೇ ನಡೆಸಿದ್ರು. 1990ರ ಫೆಬ್ರವರಿಯಲ್ಲಿ, ಕೊಂದೋರಲ್ಲೇ ಒಬ್ಬ ಪಂಥ ಬಿಟ್ಟು ಓಡಿಬಂದು ಮಗು ಹೂತ ಜಾಗದ ನಕ್ಷೆ ಬರೆದು ಹೆಸರಿಲ್ಲದ ಕಾಗದ ಹಾಕಿದ. ಹಿಮದ ಕಾಲ, ಅಗೆದ್ರು, ಸಿಗಲಿಲ್ಲ, ಬಿಟ್ರು. 1995ರ ಸೆಪ್ಟೆಂಬರ್‌ನಲ್ಲಿ ಅದರ ಹತ್ರಾನೇ ಮಗು ಸಿಕ್ತು. ಆ ನಕ್ಷೆ ಹಿಡ್ಕೊಂಡು ಹಿಮ ಕರಗಿದ್ಮೇಲೆ ಇನ್ನೊಂದು ಸಲ ಗಟ್ಟಿಯಾಗಿ ಅಗೆದಿದ್ರೆ ಮತ್ಸುಮೊಟೊನೂ ಇಲ್ಲ, ಸಬ್‌ವೇನೂ ಇಲ್ಲ ಅಂತ ನಾನು ನಂಬ್ತೀನಿ.

ಆ ಆರು ವರ್ಷ ಕೇಸನ್ನ ಜೀವಂತ ಇಟ್ಟಿದ್ದು ಯಾರು? ಸಕಾಮೊಟೊ ಜೊತೆಗಾರ ವಕೀಲರು, ಪತ್ರಕರ್ತೆ ಎಗಾವಾ ಶೋಕೊ. ಒಬ್ಬ ತಾಯಿನ ಸಕಾಮೊಟೊ ಹತ್ರ ಕಳಿಸಿದ್ದೇ ಎಗಾವಾ, ಆಮೇಲೆ ಅವರು ಹಿಂದೆ ಸರಿಯಲೇ ಇಲ್ಲ, 1994ರಲ್ಲಿ ಅವರ ಮನೆಗೇ ಫಾಸ್ಜೀನ್ ಅನ್ನೋ ವಿಷಾನಿಲ ಬಿಟ್ರು. ಫ್ಯೂಜಿ ಬೆಟ್ಟದ ಬುಡದಲ್ಲಿ ಪಂಥದ ಕಟ್ಟಡಗಳಿದ್ದ ಕಾಮಿಕುಇಶಿಕಿಯ ಹಳ್ಳಿ ಜನಾನೂ ಅಷ್ಟೇ, ಕೆಟ್ಟ ವಾಸನೆ ಬರ್ತಿದೆ ಅಂತ 1994ರ ಜುಲೈಯಲ್ಲೇ ದೂರು ಕೊಟ್ಟಿದ್ರು. ಇವರೆಲ್ಲ ಪೊಲೀಸರಲ್ಲ. ನಿಮ್ಮ ಅಕ್ಕನಿಗೆ ಇದನ್ನ ಹೇಳಿ ಮಂಜುಳಾ.

ಮಲೆನಾಡ್ ಮಂಜುಳಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಮಾ ಅವ್ರೆ, ನಕ್ಷೆ ವಿಷಯ ಓದಿ ಆಮೇಲೆ ನಿದ್ದೆ ಹತ್ತಲಿಲ್ಲ. ಗುಂಡು ಹೊಡೆದವನು ಯಾರು ಅನ್ನೋದಕ್ಕಿಂತ ಕೈಯಲ್ಲಿದ್ದ ಕಾಗದವನ್ನ ಯಾಕೆ ಬಿಟ್ರು ಅನ್ನೋದೇ ಈಗ ನನಗೆ ಜಾಸ್ತಿ ಕಾಡ್ತಿದೆ. ರಘು ಸರ್, ಕೋನೊ ಅವರು ಆಮೇಲೆ ಏನಾದ್ರು? ವಕೀಲ್ರೆ, ಈ ಕೇಸುಗಳ ಕೋರ್ಟ್ ದಾಖಲೆ ನಮ್ಮಂಥವರಿಗೆ ಮುಂದೆ ಸಿಗುತ್ತಾ?

ರಘು, ಟೋಕಿಯೋ

ಕೋನೊ ಅವರು ಆಮೇಲೆ ನಾಗಾನೊ ಪ್ರಾಂತ್ಯದ ಪೊಲೀಸರ ಮೇಲೆ ನಿಗಾ ಇಡೋ ಸಮಿತಿಯ ಸದಸ್ಯರಾದ್ರು, ತಮ್ಮನ್ನ ಆರೋಪಿ ಥರ ನಡೆಸಿಕೊಂಡ ಅದೇ ಪೊಲೀಸರ ಮೇಲೆ. ಆ ಟ್ರಕ್ ತಯಾರಿಸೋದ್ರಲ್ಲಿ ಕೈ ಹಾಕಿದ್ದ ಪಂಥದವನೊಬ್ಬ ಜೈಲು ಮುಗಿಸಿ ಅವರ ಮನೆಗೆ ಬಂದ, ಅವನನ್ನ ಒಳಗೆ ಕರೆದು ಕೂರಿಸಿದ್ರು, ಅವನು ಅಂಗಳದ ಮರಗಳನ್ನ ಸವರಿ ಕೊಟ್ಟ. ಪಂಥದವರನ್ನ ಗಲ್ಲಿಗೇರಿಸೋದಕ್ಕೂ ಅವರು ವಿರುದ್ಧಾನೇ ಇದ್ರು. ನನಗೆ ಅಷ್ಟು ದೊಡ್ಡ ಮನಸ್ಸು ಇಲ್ಲ, ಆದ್ರೆ ಅವರ ಮಾತಿಗೆ ಎದುರು ಹೇಳೋಕೆ ನಾನ್ಯಾರು.

ವಕೀಲ್ರು ತುಮಕೂರು

ಗಲ್ಲಿನ ವಿಷಯದಲ್ಲಿ ನಾನು ಕೋನೊ ಅವರ ಕಡೆ, ನನ್ನ ಕಾರಣ ಬೇರೆ. ಆಸಹಾರಾ ಕೋರ್ಟಲ್ಲಿ ಕೊನೆಕೊನೆಗೆ ಬಾಯೇ ಬಿಡಲಿಲ್ಲ, 2004ರಲ್ಲಿ ಶಿಕ್ಷೆ ಆದ್ಮೇಲೆ ಅವನ ವಕೀಲರು ಅಪೀಲಿನ ಕಾರಣಗಳನ್ನ ಟೈಮಿಗೆ ಸಲ್ಲಿಸದೆ ಅದೂ ವಜಾ ಆಯ್ತು. ಉಳಿದ 12 ಜನರಲ್ಲಿ ಮಾತಾಡೋರು ಇದ್ರು, ಬರೆಯೋರು ಇದ್ರು. ಎಲ್ಲರನ್ನೂ ಒಂದೇ ತಿಂಗಳಲ್ಲಿ, ಜುಲೈ 6ಕ್ಕೆ ಏಳು, 26ಕ್ಕೆ ಆರು, ಮುಗಿಸಿದ್ರು. ನಮ್ಮ ಪ್ರಶ್ನೆಗಳಿಗೆ ಅರ್ಧ ಉತ್ತರವಾದ್ರೂ ಗೊತ್ತಿದ್ದೋರು ಅವರೇ.

ದಾಖಲೆ ವಿಷಯಕ್ಕೆ ಬಂದ್ರೆ, ಕ್ರಿಮಿನಲ್ ಕೇಸುಗಳ ಕಡತ ಶಾಶ್ವತವಾಗಿ ಇಡ್ತೀವಿ ಅಂತ 2018ರಲ್ಲೇ ಅಲ್ಲಿನ ಕಾನೂನು ಮಂತ್ರಿ ಹೇಳಿದಾರೆ. ಆದ್ರೆ ಪಂಥದ ಧಾರ್ಮಿಕ ಮಾನ್ಯತೆ ರದ್ದು ಮಾಡಿದ ಆದೇಶದ ಕಡತವನ್ನ ಕೋರ್ಟಿನವರು ಮಾಮೂಲಿ ಕಾಗದದ ಥರ ವಿಲೇವಾರಿ ಮಾಡಿಬಿಟ್ಟಿದ್ರು, ಅದು ಹೋಯ್ತು. ಅದಕ್ಕೇ ನಿಮ್ಮಂಥವರು ಆ ಕಾಲದ ಪತ್ರಿಕೆ ವರದಿ, ತೀರ್ಪಿನ ಅನುವಾದ ಸಿಕ್ಕಿದ್ದನ್ನೆಲ್ಲ ಸೇರಿಸಿ ಇಟ್ಕೊಳ್ಳಿ. ಮುರಾಯ್ ಕೇಸಲ್ಲಿ ಯಾಕುಜಾ ನಾಯಕನನ್ನ ಬಿಟ್ಟ ತೀರ್ಪಿನ ಅನುವಾದ ರಘು ಅವ್ರಿಗೆ ಅಲ್ಲಿ ಸಿಕ್ಕಿದ್ರೆ ದಯವಿಟ್ಟು ಇಲ್ಲಿ ಹಾಕಿ, ಸಾಕ್ಷಿ ಹೇಳಿಕೆಯನ್ನ ಕೋರ್ಟ್ ಯಾವ ಕಾರಣಕ್ಕೆ ನಂಬಲಿಲ್ಲ ಅಂತ ಸಾಲು ಸಾಲಾಗಿ ಓದಬೇಕು ನಾವು.